ಸೇನಾ ಶಾಲೆಗೆ ನಾನು ಅರ್ಹಳಾದ ಬಗೆ

ಮೊನ್ನೆ ಇಲ್ಲಿ ಅಮೆರಿಕದ ವುಡ್‌ಬ್ರಿಡ್ಜ್‌ನಲ್ಲಿ ಒಂದು ಮದುವೆ. ಬಿರಿಯಾನಿ ತಟ್ಟೆ ಹಿಡಿದು ಕೂರಲು ಜಾಗ ನೋಡುತ್ತಿದ್ದಾಗ ಗೆಳತಿ ಫರ್ಜಾನಾಳ ಮಗಳು ಆಯೇಷಾ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಹುಡುಗಿ ಈಗಷ್ಟೇ ವಿಶೇಷ ಶಿಕ್ಷಣದಲ್ಲಿ ಪದವಿ ಮುಗಿಸಿದ್ದಾಳೆ. ಹೊರದೇಶಗಳ ಅಮೆರಿಕನ್ ಸೇನಾ ನೆಲೆಗಳಲ್ಲಿ ಸೈನಿಕರ ಮಕ್ಕಳಿಗಾಗಿ ಶಾಲೆಗಳಿವೆ. ಅಲ್ಲಿಗೆ ಅರ್ಜಿ ಹಾಕಬೇಕೆಂದಿದ್ದಾಳೆ. ನಾನು ಅಂಥದೊಂದು ಶಾಲೆಯಲ್ಲಿ, ಜರ್ಮನಿಯಲ್ಲಿ, ಒಂಬತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದವಳು.

"ಆಂಟಿ, ನೀವು ಹೇಗೆ ಕ್ವಾಲಿಫೈ ಆದ್ರಿ? ಐ ವಾಂಟ್ ದ ರಿಯಲ್ ಸ್ಟೋರಿ" ಎಂದಳು.

"ಫಾರ್ಮ್ ತುಂಬಿದೆ, ಕೆಲ್ಸ ಸಿಕ್ತು. ಬಿರಿಯಾನಿ ಆರೋಗತ್ತೆ, ತಿನ್ನಮ್ಮ" ಎಂದು ತಪ್ಪಿಸಿಕೊಂಡೆ. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಆಯೇಷಾಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳ ಅಮ್ಮ ಓದಿ ಹೇಳಲಿ. ನನ್ನ ಮಾನ ಹೋಗುವ ಕಡೆಯೆಲ್ಲ ಹಾರಿಸಿ ಓದುವಷ್ಟು ದಾಕ್ಷಿಣ್ಯ ಫರ್ಜಾನಾಳಿಗಿದೆ, ಆದರೆ ದಯವಿಟ್ಟು ಹಾರಿಸಬಾರದೆಂದು ಕೇಳಿಕೊಳ್ಳುತ್ತೇನೆ.

ಈ ಕೆಲಸಕ್ಕೆ ಮೊದಲು ಬೇಕಾದ್ದು ತಾಳ್ಮೆ ಎಂದು ಕಾಲೇಜಿನಲ್ಲಿ ಹೇಳಿಕೊಡುತ್ತಾರೆ. ಮಕ್ಕಳ ಜೊತೆ ತಾಳ್ಮೆ ತಾನಾಗಿ ಬರುತ್ತದೆ, ಅದನ್ನು ಯಾರೂ ಕಲಿಸಬೇಕಿಲ್ಲ. ಕಲಿಯಬೇಕಾದ್ದು ಕಾಗದದ ಜೊತೆ ಸಂಸಾರ ಮಾಡುವುದನ್ನು.

೨೦೦೮ರ ಶರತ್ಕಾಲದಲ್ಲಿ ಬ್ಯಾಂಕುಗಳು ಒಂದರ ಮೇಲೊಂದು ಮಗುಚಿಕೊಂಡಾಗ ನನ್ನ ಗಂಡ ನಜೀರ್ ಅವುಗಳಲ್ಲೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದರು. ಹದಿನಾಲ್ಕು ವರ್ಷ ನಮ್ಮೂರಾದ ಕೆಂಡಲ್ ಪಾರ್ಕ್‌ನಿಂದ ಮ್ಯಾನ್‌ಹ್ಯಾಟನ್‌ಗೆ ಬಸ್ಸಿನಲ್ಲಿ ಕಮ್ಯೂಟ್ ಮಾಡಿದ ಮನುಷ್ಯ ಒಂದು ಶುಕ್ರವಾರ ಕೆಲಸ ಕಳೆದುಕೊಂಡು, ರಟ್ಟಿನ ಪೆಟ್ಟಿಗೆ ಹಿಡಿದು ಮಧ್ಯಾಹ್ನದ ಬಸ್ಸಿಗೇ ಬಂದರು. ಮೊದಲ ವಾರ ಮಲಗಿದರು. ಎರಡನೇ ವಾರ ನನ್ನ ಅಡುಗೆಮನೆಗೆ ಬಂದು ಬೇಳೆ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿ, ಯಾವ ಡಬ್ಬ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ ಎಂದು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದರು. "ತೊಗರಿಬೇಳೆ ಯೂಸೇಜ್ ಜಾಸ್ತಿ ಆಗ್ತಿದೆ ಜಮೀಲಾ" ಎಂದು ಅವರು ಗಂಭೀರವಾಗಿ ಹೇಳಿದ ದಿನ, ಈ ಮನೆಯಲ್ಲಿ ಒಬ್ಬರಾದರೂ ಹೊರಗೆ ದುಡಿಯಲೇಬೇಕು, ಇಲ್ಲದಿದ್ದರೆ ಕೊಲೆಯಾಗುತ್ತದೆ ಎಂದು ನನಗೆ ಖಾತ್ರಿಯಾಯಿತು.

ಆಗ ಹೊರಗೆ ದುಡಿಯುತ್ತಿದ್ದವಳು ನಾನೊಬ್ಬಳೇ. ಹತ್ತಿರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ವಿಶೇಷ ಶಿಕ್ಷಕಿ. ಅದಕ್ಕೂ ಮೊದಲು ಅದೇ ಶಾಲೆಯಲ್ಲಿ ಆರು ವರ್ಷ ಸಹಾಯಕಿಯಾಗಿದ್ದೆ. ಮಕ್ಕಳ ಮೂಗು ಒರೆಸಿ, ಕಚ್ಚಿಸಿಕೊಂಡು, ಸಂಜೆ ಕ್ಲಾಸಿಗೆ ಹೋಗಿ ಓದಿ ಶಿಕ್ಷಕಿಯಾದವಳು. ಹಾಗಾಗಿ ಶಿಕ್ಷಕರ ಹಿರಿತನದ ಪಟ್ಟಿಯಲ್ಲಿ ಕೊನೆಯ ಸಾಲಿನಲ್ಲಿದ್ದೆ. ಮಾರನೆಯ ವರ್ಷದ ವಸಂತದಲ್ಲಿ ಪ್ರಿನ್ಸಿಪಾಲರು ಕರೆದು, ಬಜೆಟ್ ಇಲ್ಲ, ಮುಂದಿನ ಜೂನ್ ಕಳೆದರೆ ನನ್ನ ಹುದ್ದೆ ಇರುವುದಿಲ್ಲ ಎಂದರು. ಕೈಯಲ್ಲಿ ಒಂದು ವರ್ಷವಿತ್ತು, ವಯಸ್ಸು ಐವತ್ತೊಂದು. ಸುತ್ತಲಿನ ಯಾವ ಶಾಲಾ ಜಿಲ್ಲೆಯೂ, ಅಂದರೆ ಊರ ಶಾಲೆಗಳನ್ನು ನಡೆಸುವ ಮಂಡಳಿಯೂ, ಹೊಸಬರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಸೇನಾ ಶಾಲೆಗಳ ಜಾಹೀರಾತು. ವಿಶೇಷ ಶಿಕ್ಷಕರು ತುರ್ತಾಗಿ ಬೇಕಾಗಿದ್ದಾರೆ ಎಂದಿತ್ತು. ಇದು ಸಿಗದಿದ್ದರೆ ನಾನು ಮತ್ತೆ ತರಗತಿಯ ಮುಖ ನೋಡುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ನಜೀರ್‌ಗೂ ಗೊತ್ತಿತ್ತು.

ತುರ್ತಾಗಿ ಬೇಕು ಎಂದವರ ಅರ್ಜಿ ಎಪ್ಪತ್ತೆರಡು ಪುಟವಿತ್ತು.

ಅದರ ಮೊದಲ ಬೇಡಿಕೆ ನನ್ನ ಮೈಸೂರಿನ ಬಿ.ಇಡಿ. ಅಂಕಪಟ್ಟಿ. ನಾನು ಹೆಮ್ಮೆಯಿಂದ ಮೂಲ ಪ್ರತಿಯನ್ನೇ ತೋರಿಸಿದೆ. ನಮ್ಮ ಅಬ್ಬಾ ೧೯೮೧ರಲ್ಲೇ ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದರು. ಪದವಿಗಳನ್ನು ಮೌಲ್ಯಮಾಪನ ಮಾಡುವ ಕಚೇರಿಯ ಹೆಂಗಸು ಅದನ್ನು ಎರಡು ಬೆರಳಲ್ಲಿ ಹಿಡಿದು, ಪ್ಲಾಸ್ಟಿಕ್ ಮೆತ್ತಿದ ದಾಖಲೆ ಪರೀಕ್ಷಿಸಲಾಗುವುದಿಲ್ಲ, ವಿಶ್ವವಿದ್ಯಾಲಯದಿಂದ ಮುಚ್ಚಿದ ಲಕೋಟೆಯಲ್ಲೇ ಬರಬೇಕು ಎಂದಳು. ಅಬ್ಬಾ ಯಾವುದನ್ನು ಕಾಪಾಡಬೇಕೆಂದು ಹಾಗೆ ಮಾಡಿಸಿದರೋ ಅದೇ ಹಾಳಾಗಿತ್ತು.

ಮೈಸೂರಿನಲ್ಲಿ ನನ್ನ ಅಣ್ಣನಿದ್ದ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ನಮ್ಮ ಮನೆಮಾತು ಉರ್ದು, ಆದರೆ ಕಚೇರಿಯ ವಿಷಯ ಬಂದರೆ ಭಾಯಿಜಾನ್ ಕನ್ನಡಕ್ಕೆ ಇಳಿಯುತ್ತಿದ್ದ. ಜಗಳಕ್ಕೂ ಅದೇ ಭಾಷೆ. ಅವನು ವಿಶ್ವವಿದ್ಯಾಲಯಕ್ಕೆ ಹನ್ನೊಂದು ಸಲ ಅಲೆದು, ಯಾರ್‍ಯಾರಿಗೋ ಕಾಫಿ ಕುಡಿಸಿ ಲಕೋಟೆ ತೆಗೆಸಿಕೊಂಡ. ನಾನು ಸಂತೋಷದಿಂದ, "ಕಳಿಸಿಬಿಟ್ರಾ ಭಾಯಿಜಾನ್?" ಎಂದು ಫೋನ್ ಮಾಡಿದೆ.

"ಹಾಗೇ ಕಳಿಸೋಕೆ ನಾನೇನು ಪೋಸ್ಟ್‌ಮ್ಯಾನಾ? ಒಡೆದು ನೋಡ್ದೆ. ನೋಡಿದ್ದು ಒಳ್ಳೇದಾಯ್ತು ನೋಡು. ಮನಃಶಾಸ್ತ್ರದಲ್ಲಿ ನಿಂಗೆ ಅರವತ್ತೆಂಟು ಬಂದಿದ್ದು, ಆ ಗುಮಾಸ್ತ ಐವತ್ತೆಂಟು ಅಂತ ಬರ್ದಿದ್ದ. ವಾಪಸ್ ಹೋಗಿ ಕೆಂಪು ಇಂಕಲ್ಲಿ ತಿದ್ದಿಸ್ದೆ. ಸಣ್ಣ ಸಹಿನೂ ಹಾಕಿಸ್ದೆ."

"ಆಮೇಲೆ?"

"ಆಮೇಲೆ ನಾನೇ ಗೋಂದು ಹಾಕಿ ಅಂಟಿಸಿ, ಐದು ಕಡೆ ಅರಗಿನ ಮುದ್ರೆ ಒತ್ತಿದೀನಿ. ಒಡೆದು ಪರಿಶೀಲಿಸಿದ್ದೇನೆ, ಸರಿಯಾಗಿದೆ ಅಂತ ಸ್ಟಾಂಪ್ ಪೇಪರ್‌ನಲ್ಲಿ ನೋಟರಿ ಮಾಡಿಸಿ ಅದನ್ನೂ ಇಟ್ಟಿದೀನಿ. ಅಮೆರಿಕದವರು ಇನ್ನು ಏನೂ ಕೇಳೋ ಹಾಗಿಲ್ಲ."

ಅಮೆರಿಕದವರು ನಿಜಕ್ಕೂ ಏನೂ ಕೇಳಲಿಲ್ಲ. ತಿದ್ದಿದ ದಾಖಲೆ ಎಂದು ಷರಾ ಬರೆದು ಹಿಂದಕ್ಕೆ ಕಳಿಸಿದರು. ನೋಟರಿ ಪತ್ರ ಓದಿದ್ದರಿಂದಲೇ ಅವರಿಗೆ ಲಕೋಟೆ ಒಡೆದದ್ದು ತಿಳಿದದ್ದು. ನಾನು ಫೋನಿನಲ್ಲಿ ಭಾಯಿಜಾನ್‌ಗೆ ಕೂಗಾಡಿದೆ. ಆತ, ಮೂವತ್ತೆರಡು ವರ್ಷ ಸರ್ವೀಸಿನಲ್ಲಿ ತನ್ನ ಕಡತದಲ್ಲಿ ಒಂದು ತಪ್ಪು ಅಂಕಿ ಹೋಗಿಲ್ಲ, ತಂಗಿಯ ಕಡತದಲ್ಲಿ ಹೋಗಲು ಬಿಡಬೇಕಿತ್ತೇ ಎಂದು ಕೇಳಿದ. ನಾಲ್ಕು ತಿಂಗಳಾದ ಮೇಲೆ ವಿಶ್ವವಿದ್ಯಾಲಯ ನೇರವಾಗಿ ಇನ್ನೊಂದು ಲಕೋಟೆ ಕಳಿಸಿತು. ಯಾರೂ ಒಡೆದಿರಲಿಲ್ಲ. ಒಳಗೆ ಐವತ್ತೆಂಟು ಎಂದೇ ಇತ್ತು. ಅಮೆರಿಕದವರು ಮರುಮಾತಿಲ್ಲದೆ ಒಪ್ಪಿದರು.

ಅಷ್ಟರಲ್ಲಿ ಪರೀಕ್ಷೆ ಬಂತು. ನನ್ನ ಹತ್ತಿರ ಇದ್ದ ಶಿಕ್ಷಕ ಪರವಾನಗಿ ಸಾಲದು, ಹೆಚ್ಚಿನ ವೈಕಲ್ಯವಿರುವ ಮಕ್ಕಳ ಬಗ್ಗೆ ಬೇರೆಯದೇ ಪರೀಕ್ಷೆ ಪಾಸಾಗಬೇಕಿತ್ತು. ಚೂಯಿಂಗ್ ಗಮ್ ಜಗಿಯುವ ಇಪ್ಪತ್ತೆರಡರ ಹುಡುಗಿಯರ ಮಧ್ಯೆ ಓದುವ ಕನ್ನಡಕ ಏರಿಸಿ ಕೂತೆ. ಒಂದು ಪ್ರಶ್ನೆ ಇನ್ನೂ ನೆನಪಿದೆ. ಮಗು ಮರದ ತುಂಡನ್ನು ಎಸೆಯುತ್ತಿದೆ, ಶಿಕ್ಷಕಿ ಮೊದಲು ಏನು ಮಾಡಬೇಕು? ತುಂಡನ್ನು ತೆಗೆದಿಡಬೇಕು ಎಂಬ ಉತ್ತರ ಇತ್ತು, ಅದನ್ನೇ ಗುರುತು ಹಾಕಿದೆ. ಹಣೆಗೆ ಎರಡು ಸಲ ಏಟು ತಿಂದವಳು ಇನ್ನೇನು ಮಾಡುತ್ತಾಳೆ? ಇಡೀ ಪರೀಕ್ಷೆಯನ್ನು ಹೀಗೆಯೇ, ನಿಜವಾಗಿ ನಾನು ಮಾಡುತ್ತಿದ್ದುದನ್ನು ನೆನೆದು ಬರೆದೆ. ನಾಲ್ಕು ಅಂಕದಲ್ಲಿ ಫೇಲಾದೆ.

ನಜೀರ್ ಅಭ್ಯಾಸದ ಪುಸ್ತಕ ತರಿಸಿ, ಬೇಳೆಯ ಪಟ್ಟಿ ಬದಿಗಿಟ್ಟು, ಸರಿಯುತ್ತರಗಳ ಪಟ್ಟಿ ಮಾಡಿದರು. "ನೋಡು, ಆಪ್ಷನ್‌ಗಳಲ್ಲಿ 'ಮಾಹಿತಿ ಸಂಗ್ರಹಿಸು' ಅಂತ ಇದ್ರೆ ಅದೇ ಆನ್ಸರ್. ಅದಿಲ್ದೇ ಇದ್ರೆ 'ತಂಡದೊಂದಿಗೆ ಚರ್ಚಿಸು'. ನಿನ್ ತಲೆ ಉಪಯೋಗಿಸ್ಬೇಡ" ಎಂದರು. ಎರಡನೇ ಸಲ ಹಾಗೆಯೇ ಮಾಡಿದೆ. ಮಗು ಕಚ್ಚಿದರೆ ಮಾಹಿತಿ ಸಂಗ್ರಹಿಸಿದೆ, ಅತ್ತರೆ ತಂಡದೊಂದಿಗೆ ಚರ್ಚಿಸಿದೆ. ಅಂಕ ರಾಜ್ಯದ ಸರಾಸರಿಗಿಂತ ಮೇಲೆ ಬಂತು.

ಬೆರಳಚ್ಚು ಕೊಡಲು ಹೋದರೆ ಪಾತ್ರೆ ತಿಕ್ಕಿ ಗೆರೆಗಳೇ ಸವೆದಿವೆ ಎಂದು ಮೂರು ಸಲ ಕರೆಸಿದರು. ಯಾವ ದೇಶಕ್ಕೆ ಹೋಗಲು ಸಿದ್ಧ ಎಂಬ ಕಾಲಮ್ಮಿನಲ್ಲಿ ಜಗತ್ತಿನ ಎಲ್ಲ ಕಡೆ ಎಂದು ಗುರುತು ಹಾಕಿದೆ. ಹಾಕದವರ ಅರ್ಜಿಯನ್ನು ಯಾರೂ ತೆರೆಯುವುದಿಲ್ಲ ಎಂದು ಕೇಳಿದ್ದೆ. "ಎಲ್ಲಾ ಕಡೆ ಅಂದ್ರೆ ಹಲಾಲ್ ಸಿಗದ ಕಡೆನೂ ಬರತ್ತೆ" ಎಂದು ನಜೀರ್ ಎಚ್ಚರಿಸಿದರು. ಬೇಳೆ ಯೂಸೇಜ್ ಹೆಚ್ಚಿಸೋಣ ಎಂದೆ.

ಫೆಬ್ರವರಿಯ ಹೊತ್ತಿಗೆ ಒಂದೇ ಒಂದು ಕಾಗದ ಬಾಕಿ ಉಳಿಯಿತು. ಹೆಚ್ಚಿನ ವೈಕಲ್ಯವಿರುವ ಮಕ್ಕಳ ತರಗತಿಯನ್ನು ನಾನು ಪೂರ್ಣಾವಧಿ ನಡೆಸಿದ್ದೇನೆ ಎಂದು ಮೇಲಧಿಕಾರಿ ಬರೆದುಕೊಡಬೇಕು, ಅಷ್ಟೇ. ಇಲ್ಲಿಂದ ಮುಂದೆ ನಗು ಕಡಿಮೆ.

ನನ್ನ ಮೇಲಧಿಕಾರಿ ಡಾಕ್ಟರ್ ಹಾರ್ಟ್‌ಮನ್. ಜಿಲ್ಲೆಯ ವಿಶೇಷ ಶಿಕ್ಷಣವನ್ನೆಲ್ಲ ನೋಡಿಕೊಳ್ಳುವ ಹೆಂಗಸು. ಸಿಹಿಯಾಗಿ ಮಾತಾಡುತ್ತಿದ್ದರು, ಮೇಜಿನ ಮೇಲೆ ಯಾವಾಗಲೂ ಚಾಕೊಲೇಟ್ ಬಟ್ಟಲು ಇಡುತ್ತಿದ್ದರು. ತರಗತಿಗೆ ಬಂದರೆ ಮಕ್ಕಳಿಂದ ಒಂದು ಗಜ ದೂರ ನಿಂತು ಅವರ ಮೇಲೆ ಪ್ರೀತಿ ತೋರಿಸುತ್ತಿದ್ದರು. ನನ್ನ ಕೋರಿಕೆ ಕೇಳಿ ಬಟ್ಟಲನ್ನು ನನ್ನ ಕಡೆ ತಳ್ಳಿದರು.

"ಜಮೀಲಾ, ನಿಮ್ಮದು ರಿಸೋರ್ಸ್ ರೂಮ್. ಓದಿನಲ್ಲಿ ಸ್ವಲ್ಪ ಹಿಂದುಳಿದ ಮಕ್ಕಳು ದಿನಕ್ಕೆ ಒಂದು ಗಂಟೆ ಬಂದು ಹೋಗುವ ಕೋಣೆ. ದಾಖಲೆಯಲ್ಲಿ ಹಾಗೇ ಇದೆ."

ದಾಖಲೆಯಲ್ಲಿ ಹಾಗೇ ಇತ್ತು. ಕೋಣೆಯಲ್ಲಿ ಬೇರೆ ಇತ್ತು. ಹಿಂದೆ ಉಗ್ರಾಣವಾಗಿದ್ದ ಆ ಕೋಣೆಯಲ್ಲಿ ನನ್ನ ಹನ್ನೊಂದು ಮಕ್ಕಳು ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ಇರುತ್ತಿದ್ದರು. ನಾಲ್ವರಿಗೆ ಮಾತಿರಲಿಲ್ಲ, ಇಬ್ಬರಿಗೆ ಡಯಾಪರ್ ಬದಲಿಸಬೇಕಿತ್ತು. ಅದನ್ನು ಅದರ ನಿಜವಾದ ಹೆಸರಿನಿಂದ ಕರೆದಿದ್ದರೆ ಕಾನೂನಿನ ಪ್ರಕಾರ ಮಕ್ಕಳ ಸಂಖ್ಯೆ ಇಳಿಸಬೇಕಿತ್ತು, ಇನ್ನಿಬ್ಬರು ಸಹಾಯಕಿಯರನ್ನು ಕೊಡಬೇಕಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕಂಡಿದ್ದೆ. ಇವರು ಈದ ಹಸುವನ್ನೇ ಎತ್ತು ಎಂದು ಬರೆದುಕೊಂಡಿದ್ದರು.

"ಆದರೆ ನಾನು ಮನಸ್ಸು ಮಾಡಿದರೆ ಪತ್ರವನ್ನು ಉದಾರವಾಗಿ ಬರೆಯಬಹುದು" ಎಂದರು ಹಾರ್ಟ್‌ಮನ್. ಆ ಬೆನ್ನಿಗೇ, "ಮುಂದಿನ ವಾರ ಲೂಸಿಯ ಮೀಟಿಂಗ್ ಇದೆ ಅಲ್ಲವೇ? ಅವಳಿಗೆ ಪ್ರತ್ಯೇಕ ಸಹಾಯಕಿಯನ್ನು ಇನ್ನು ಕೊಡಲಾಗುವುದಿಲ್ಲ. ತಂಡ ಒಮ್ಮತದಿಂದ ಇದ್ದರೆ ತಾಯಿಗೂ ಸುಲಭ" ಎಂದರು. ಎರಡು ಮಾತಿಗೂ ಸಂಬಂಧವಿದೆ ಎಂದು ಆಕೆ ಹೇಳಲಿಲ್ಲ. ಹಾಗೆ ಹೇಳುವವರು ಆ ಕುರ್ಚಿಯವರೆಗೆ ಏರುವುದಿಲ್ಲ.

ಲೂಸಿಗೆ ಒಂಬತ್ತು ವರ್ಷ. ಮಾತಿಲ್ಲ, ಆದರೆ ಕಾಲಿದೆ. ಗಂಟೆ ಬಾರಿಸಿದರೆ, ಬಾತ್‌ರೂಮಿನ ಕೈ ಒಣಗಿಸುವ ಯಂತ್ರ ಸದ್ದು ಮಾಡಿದರೆ ಓಡುತ್ತಾಳೆ. ಬಾಗಿಲು, ಕಾರಿಡಾರು, ರಸ್ತೆ ಯಾವುದೂ ಅವಳಿಗೆ ಲೆಕ್ಕವಿಲ್ಲ. ಅವಳ ಜೊತೆಗೇ ಇಡೀ ದಿನ ಒಬ್ಬ ಸಹಾಯಕಿ ಇದ್ದದ್ದು ಅದಕ್ಕೆ. ಅವಳ ತಾಯಿ ರೋಸಾ ಒಂದು ಬೇಕರಿಯಲ್ಲಿ ನಸುಕಿನ ಪಾಳಿ ಮುಗಿಸಿ, ತೋಳಿಗೆ ಹಿಟ್ಟು ಮೆತ್ತಿಕೊಂಡೇ ಮಗಳನ್ನು ಶಾಲೆಗೆ ಬಿಡಲು ಬರುತ್ತಿದ್ದಳು. ನನಗೆ ಎಂದೂ ಬರಿಗೈಯಲ್ಲಿ ಸಿಕ್ಕವಳಲ್ಲ. ಹಂದಿ ಕೊಬ್ಬು ಹಾಕಿಲ್ಲ, ಕೇಳಿದ್ದೇನೆ ಎಂದು ಹೇಳಿಯೇ ಬನ್ನು ಕೊಡುತ್ತಿದ್ದಳು.

ಈ ವೃತ್ತಿಗೆ ಹೊಸಬರಾದವರಿಗೆ ಒಂದು ಮಾತು. ಮಗುವಿಗೆ ವರ್ಷದಲ್ಲಿ ಏನು ಕಲಿಸುತ್ತೇವೆ, ಯಾವ ಸಹಾಯ ಕೊಡುತ್ತೇವೆ ಎಂದು ಶಾಲೆಯವರೂ ಹೆತ್ತವರೂ ಕೂತು ಬರೆದು ಸಹಿ ಹಾಕುವ ಸಭೆ ನಿಮ್ಮ ಇಡೀ ಕೆಲಸ. ಮಿಕ್ಕದ್ದೆಲ್ಲ ಅದರ ತಯಾರಿ. ನಾನು ಸೇರಿದಾಗ ಅದನ್ನು ಕೈಯಲ್ಲಿ ಬರೆಯುತ್ತಿದ್ದೆವು, ಮೂರು ಪುಟ. ಕಂಪ್ಯೂಟರ್ ಬಂದ ಮೇಲೆ ಮೂವತ್ತು ಪುಟವಾಯಿತು, ಒಂದು ಮಗುವಿನದನ್ನು ಇನ್ನೊಂದಕ್ಕೆ ಅಂಟಿಸಿ ಹೆಸರು ಬದಲಿಸುವ ಸೌಲಭ್ಯವೂ ಬಂತು. ಲೂಸಿಯ ಕಾಗದದಲ್ಲಿ ಒಂದು ಕಡೆ ಅವಳನ್ನು ಮೈಕಲ್ ಎಂದು ಕರೆದಿತ್ತು.

ಆ ಸಭೆಯಲ್ಲಿ ನಾವು ಶಾಲೆಯ ಕಡೆಯವರು ಆರು ಜನ. ಮೇಜಿನ ಆಚೆ ರೋಸಾ ಒಬ್ಬಳೇ. ಮನಃಶಾಸ್ತ್ರಜ್ಞ ಗ್ರಾಫ್ ತೋರಿಸಿದ. ಹಾರ್ಟ್‌ಮನ್ ಸ್ವಾವಲಂಬನೆಯ ಬಗ್ಗೆ ಮಾತಾಡಿದರು. ಸಹಾಯಕಿ ಪಕ್ಕದಲ್ಲೇ ಇದ್ದರೆ ಮಗು ಬೆಳೆಯುವುದಿಲ್ಲವಂತೆ. ರೋಸಾ ಎಲ್ಲವನ್ನೂ ಕೇಳಿ ನನ್ನ ಕಡೆ ತಿರುಗಿದಳು.

"ಮಿಸೆಸ್ ಜಮೀಲಾ, ನೀವೇನು ಹೇಳ್ತೀರಿ? ದಿನಾ ಅವಳ ಜೊತೆ ಇರೋರು ನೀವು."

ಅವತ್ತು ಬೆಳಿಗ್ಗೆಯೇ ಲೂಸಿ ಓಡಿದ್ದಳು. ಸಹಾಯಕಿ ಬಾಗಿಲ ಹತ್ತಿರ ಅವಳ ಸ್ವೆಟರ್ ಹಿಡಿದೆಳೆದಿದ್ದಳು.

"ತುಂಬಾ ಇಂಪ್ರೂವ್ ಆಗಿದ್ದಾಳೆ" ಎಂದೆ. "ನಿಭಾಯಿಸ್ತಾಳೆ ಅನ್ಸತ್ತೆ."

ರೋಸಾ ಪೆನ್ನು ತೆಗೆದುಕೊಂಡಳು. ಅವಳ ಕೆಳಗೆ ನಾನೂ ಸಹಿ ಹಾಕಿದೆ. ನನ್ನನ್ನು ಯಾರೂ ಗದರಿಸಿರಲಿಲ್ಲ, ಕುತ್ತಿಗೆಗೆ ಚೂರಿ ಇಟ್ಟಿರಲಿಲ್ಲ. ನನಗೆ ಕೆಲಸ ಬೇಕಿತ್ತು. ಮನೆಗೆ ಹೋಗಿ ಗಂಡನಿಗೂ ಹೇಳಲಿಲ್ಲ. ನಾಚಿಕೆಯಾಗಿತ್ತು, ಜೊತೆಗೆ ಒಳಗೊಳಗೇ ನಿರಾಳವೂ ಆಗಿತ್ತು. ಆ ನಿರಾಳದ ಬಗ್ಗೆಯೇ ನನಗೆ ಇವತ್ತಿಗೂ ಹೆಚ್ಚು ನಾಚಿಕೆ.

ಹಾರ್ಟ್‌ಮನ್‌ರ ಪತ್ರ ಎರಡು ದಿನದಲ್ಲಿ ಬಂತು. ಸೊಗಸಾದ ಪತ್ರ. ನಾನು ಹೆಚ್ಚಿನ ವೈಕಲ್ಯವಿರುವ ಮಕ್ಕಳ ತರಗತಿಯನ್ನು ಐದು ವರ್ಷ ಅಸಾಧಾರಣ ನಿಷ್ಠೆಯಿಂದ ನಡೆಸಿದ್ದೇನೆ ಎಂದಿತ್ತು. ನನ್ನ ಇಡೀ ಅರ್ಜಿಯಲ್ಲಿ ನನ್ನ ಕೆಲಸವನ್ನು ಇದ್ದದ್ದು ಇದ್ದಂತೆ ಹೇಳಿದ ಕಾಗದ ಅದೊಂದೇ.

ಜುಲೈನಲ್ಲಿ ಜರ್ಮನಿಯಿಂದ ಕರೆ ಬಂತು. ಆಗಸ್ಟ್‌ನಲ್ಲಿ ಹೊರಟೆವು. ನೆಲೆಯೊಳಗೆ ಅಮೆರಿಕದ ಹ್ಯಾಂಬರ್ಗರ್, ಅಮೆರಿಕದ ಹಳದಿ ಶಾಲಾ ಬಸ್ಸು, ಬೇಲಿಯಾಚೆ ದ್ರಾಕ್ಷಿ ತೋಟ. ಪಕ್ಕದ ಪಟ್ಟಣದಲ್ಲಿ ತುರ್ಕಿಯವನ ಹಲಾಲ್ ಅಂಗಡಿ ಸಿಕ್ಕಿ ನಜೀರ್ ಬದುಕಿಕೊಂಡರು. ತರಗತಿಯಲ್ಲಿ ಆರು ಮಕ್ಕಳು, ಮೂವರು ಸಹಾಯಕಿಯರು. ಮೊದಲ ದಿನ ನನಗೆ ಕೆಲಸವೇ ಇಲ್ಲವೇನೋ ಅನ್ನಿಸಿತು.

ನವೆಂಬರ್‌ನಲ್ಲಿ ರೋಸಾಳ ಇಮೇಲ್ ಬಂತು. ಅಕ್ಟೋಬರ್‌ನಲ್ಲಿ ಲೂಸಿ ಗಂಟೆಯ ಸದ್ದಿಗೆ ಓಡಿ, ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಕಾರಿಗೆ ಸಿಕ್ಕಿ ಕೈ ಮುರಿದುಕೊಂಡಿದ್ದಳು. ಆದರೂ ಜಿಲ್ಲೆ ಸಹಾಯಕಿಯನ್ನು ಕೊಡುತ್ತಿಲ್ಲ, ಹಾಗಾಗಿ ನ್ಯಾಯಾಧೀಶರ ಮುಂದೆ ವಿಚಾರಣೆಗೆ ಹಾಕಿದ್ದೇನೆ, ವಕೀಲರಿಲ್ಲ, ನೀವು ಒಂದು ಪತ್ರ ಬರೆದುಕೊಡುತ್ತೀರಾ, ನನ್ನ ಮಗಳನ್ನು ಬಲ್ಲವರು ನೀವೊಬ್ಬರೇ ಎಂದಿದ್ದಳು. ಅದೇ ದಿನ ಬರೆದು ಕಳಿಸಿದೆ. ಎರಡು ಪುಟ, ಒಂದು ಅಕ್ಷರವೂ ಸುಳ್ಳಿರಲಿಲ್ಲ. ಸಭೆಯಲ್ಲಿ ಹಾಕಿದ ಸಹಿಯ ಬಗ್ಗೆ ಮಾತ್ರ ಏನೂ ಬರೆಯಲಿಲ್ಲ. ಮರೆತದ್ದಲ್ಲ.

ವಿಚಾರಣೆಗೆ ನಾನು ಫೋನಿನಲ್ಲಿ ಹಾಜರಾದೆ. ಅಲ್ಲಿ ಬೆಳಿಗ್ಗೆ ಹತ್ತು, ನಮಗೆ ಸಂಜೆ ನಾಲ್ಕು. ರೋಸಾ ಕೇಳಿದ್ದಕ್ಕೆಲ್ಲ ಹೇಳಿದೆ. ಆಮೇಲೆ ಜಿಲ್ಲೆಯ ವಕೀಲ ಬಂದ.

"ಮ್ಯಾಡಮ್, ಫೆಬ್ರವರಿಯ ಸಭೆಯ ಕಾಗದದಲ್ಲಿರುವುದು ನಿಮ್ಮ ಸಹಿಯೇ?"

"ಹೌದು."

"ಮಗುವಿಗೆ ಸಹಾಯಕಿ ಬೇಡ ಎಂದು ಇದರಲ್ಲಿದೆ. ಬೇಕೇ ಬೇಕು ಎಂದು ನಿಮ್ಮ ಪತ್ರದಲ್ಲಿದೆ. ಇವೆರಡರಲ್ಲಿ ಸುಳ್ಳು ಯಾವುದು?"

ಪಕ್ಕದಲ್ಲಿ ನಜೀರ್ ಕೂತಿದ್ದರು. ಅವರು ಮೊದಲ ಸಲ ಈ ವಿಷಯ ಕೇಳುತ್ತಿದ್ದರು. ಪತ್ರದಲ್ಲಿ ಸ್ವಲ್ಪ ಅತಿಯಾಗಿ ಬರೆದೆ ಎಂದರೆ ನನ್ನ ಕೆಲಸ ಉಳಿಯುತ್ತಿತ್ತು. ಸಹಿ ಸುಳ್ಳು ಎಂದರೆ, ಕಾನೂನಿನ ದಾಖಲೆಗೆ ತಿಳಿದೂ ಸುಳ್ಳು ಸಹಿ ಹಾಕಿದ ಶಿಕ್ಷಕಿ ನಾನು, ಪರವಾನಗಿಯೇ ಹೋಗಬಹುದು.

"ಸಹಿ" ಎಂದೆ.

"ಯಾಕೆ ಹಾಕಿದಿರಿ?"

"ನನಗೆ ಬೇರೆ ಕಡೆ ಕೆಲಸಕ್ಕೆ ನನ್ನ ಮೇಲಧಿಕಾರಿಯ ಪತ್ರ ಬೇಕಿತ್ತು."

ಅವನು ಇನ್ನೇನೂ ಕೇಳಲಿಲ್ಲ. ಲೂಸಿಗೆ ಸಹಾಯಕಿಯನ್ನು ಕೊಡಬೇಕೆಂದು ಆದೇಶವಾಯಿತು. ನನ್ನ ಪರವಾನಗಿಯ ಮೇಲೆ ಎಂಟು ತಿಂಗಳು ತನಿಖೆ ನಡೆದು ಛೀಮಾರಿಯಲ್ಲಿ ಮುಗಿಯಿತು. ಕೆಲಸ ಉಳಿದದ್ದು ನನ್ನ ಒಳ್ಳೆಯತನಕ್ಕಲ್ಲ, ವಿಶೇಷ ಶಿಕ್ಷಕರು ಆಗಲೂ ತುರ್ತಾಗಿಯೇ ಬೇಕಾಗಿದ್ದರು. ಡಾಕ್ಟರ್ ಹಾರ್ಟ್‌ಮನ್ ಬಡ್ತಿ ಪಡೆದು ಇನ್ನೂ ದೊಡ್ಡ ಜಿಲ್ಲೆಗೆ ಹೋದರು.

ಆದೇಶ ಬಂದ ವಾರ ರೋಸಾಗೆ ಫೋನ್ ಮಾಡಿದೆ. ನಿಜ ಹೇಳಬೇಕೆಂದರೆ ಅವಳು ನನ್ನನ್ನು ಹೊಗಳುತ್ತಾಳೆಂದು ಕಾದಿದ್ದೆ. ಇಷ್ಟು ಕಳೆದುಕೊಳ್ಳಲು ಸಿದ್ಧಳಾಗಿ ಸತ್ಯ ಹೇಳಿದ್ದೆನಲ್ಲ.

"ಲೂಸಿಗೆ ಸಹಾಯಕಿ ಬಂದಿದ್ದಾಳೆ. ಥ್ಯಾಂಕ್ ಯು" ಎಂದಳು. ಆಮೇಲೆ ಅವಳೇ ಮುಂದುವರಿಸಿದಳು.

"ಅವತ್ತು ಆ ಮೇಜಿನ ಹತ್ರ ಇದ್ದ ಮಿಕ್ಕ ಐದು ಜನ ಹೇಳಿದ್ದನ್ನ ನಾನು ನಂಬಿರ್ಲಿಲ್ಲ. ಸಹಿ ಹಾಕೋದಿಲ್ಲ ಅಂತ ನಿರ್ಧಾರ ಮಾಡ್ಕೊಂಡೇ ಬಂದಿದ್ದೆ. ನೀವು ಹೇಳಿದ್ರಿ ಅಂತ ಹಾಕ್ದೆ."

ನಾನು ಏನೋ ಹೇಳಲು ಹೊರಟೆ. ಲೂಸಿಯ ಬಸ್ ಬರುವ ಹೊತ್ತಾಯಿತು ಎಂದು ಅವಳು ಫೋನ್ ಇಟ್ಟಳು.